ಪ್ರಿನ್ಸಿಪಾಲರ ವರ್ಗಾವಣೆ

2022ರ ನವೆಂಬರ್ ತಿಂಗಳ ಕೊನೆಯ ಒಂದು ಸಂಜೆ. ಜಗುಲಿಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಮಗಳ ಮಗ ಮೊಬೈಲ್ ಹಿಡಿದು ಒಳಗಿನಿಂದ ಓಡಿಬಂದು, "ಅಜ್ಜ, ಪ್ರಿನ್ಸಿಪಾಲ್ ರಾಜೀನಾಮೆ ಕೊಟ್ಟುಬಿಟ್ರಂತೆ!" ಎಂದ. ಮೂವತ್ತನಾಲ್ಕು ವರ್ಷ ಶಾಲೆಯ ಸೀಮೆಸುಣ್ಣದ ಧೂಳು ಕುಡಿದ ಜೀವ ನನ್ನದು. ಯಾವ ಕಾಲೇಜು, ಯಾರು, ಏನಾಯಿತು ಎಂದು ಗಾಬರಿಯಿಂದ ಕೇಳಿದೆ. ಅವನು ನಕ್ಕು, "ಕಾಲೇಜಲ್ಲ ಅಜ್ಜ, ಫೆರಾರಿ!" ಎಂದ.

ಫಾರ್ಮುಲಾ ಒನ್ ಎಂಬ ಕಾರು ಓಟದಲ್ಲಿ ಪ್ರತಿಯೊಂದು ತಂಡದ ಮುಖ್ಯಸ್ಥನನ್ನೂ 'ಟೀಮ್ ಪ್ರಿನ್ಸಿಪಾಲ್' ಎಂದು ಕರೆಯುತ್ತಾರೆಂಬುದು ನನಗೆ ತಿಳಿದದ್ದು ಆ ಸಂಜೆ. ಆ ಒಂದು ಪದದ ಸಲಿಗೆಯಿಂದಲೇ ಈ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿತೆಂದರೆ ತಪ್ಪಾಗಲಾರದು. ಕಾರುಗಳ ವೇಗ ನನ್ನ ಕಣ್ಣಿಗೆ ಇಂದಿಗೂ ನಿಲುಕುವುದಿಲ್ಲ. ಆದರೆ ಯಾರು ಹೋದರು, ಯಾರು ಬಂದರು, ಏಕೆ ಹೋದರು ಎಂಬ ಪ್ರಶ್ನೆಗಳಿವೆಯಲ್ಲ, ಅವು ಉಪಾಧ್ಯಾಯನಿಗೆ ಚಿರಪರಿಚಿತ. ಇಷ್ಟರ ಮೇಲೆ ಈ ಮುದುಕನಿಗೆ ಕಾರು ಓಟದ ಗೊಡವೆಯೇಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೇಳಿದರೆ, ದಯವಿಟ್ಟು ಕೊನೆಯವರೆಗೆ ಓದಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಆ ವರ್ಷ ಹತ್ತು ತಂಡಗಳು, ಇಪ್ಪತ್ತು ಕಾರುಗಳು, 22 ಓಟಗಳು. ಮೊದಲನೆಯದು ಮಾರ್ಚ್ 20ರಂದು ಬಹರೇನ್‌ನಲ್ಲಿ, ಕೊನೆಯದು ನವೆಂಬರ್ 20ರಂದು ಅಬುಧಾಬಿಯಲ್ಲಿ. ಅಲ್ಲಿಂದ ಮುಂದಿನ ಓಟಕ್ಕೆ 2023ರ ಮಾರ್ಚ್ 5ರವರೆಗೆ ಕಾಯಬೇಕು. ಓಟವಿಲ್ಲದ ಈ ಮೂರೂವರೆ ತಿಂಗಳಲ್ಲಿ ಕಾರುಗಳು ಸುಮ್ಮನಿರುತ್ತವೆ, ಬಾಯಿಗಳು ಸುಮ್ಮನಿರುವುದಿಲ್ಲ. ನಮ್ಮ ಶಾಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳು ಹೇಗೆ ವರ್ಗಾವಣೆಯ ಸುದ್ದಿಯ ಕಾಲವೋ ಹಾಗೆ ಅವರಿಗೆ ಡಿಸೆಂಬರ್, ಜನವರಿ.

ಫೆರಾರಿಯ ಪ್ರಸಂಗವನ್ನೇ ನೋಡಿ. ನವೆಂಬರ್ ಮಧ್ಯದಲ್ಲಿ, ಋತುವಿನ ಕೊನೆಯ ಓಟಕ್ಕೆ ಇನ್ನೂ ಕೆಲವು ದಿನಗಳಿರುವಾಗಲೇ, ಪ್ರಿನ್ಸಿಪಾಲ್ ಮ್ಯಾಟಿಯಾ ಬಿನೊಟ್ಟೊ ಅವರನ್ನು ತೆಗೆಯುತ್ತಾರೆಂದು ಇಟಲಿಯ ಪತ್ರಿಕೆಗಳು ಬರೆದವು. ಈ ವದಂತಿಗಳಿಗೆ ಯಾವ ಆಧಾರವೂ ಇಲ್ಲವೆಂದು ಕಂಪನಿ ಅಧಿಕೃತ ಪ್ರಕಟಣೆಯನ್ನೇ ಹೊರಡಿಸಿತು. ಎರಡು ವಾರವಾಯಿತು, ನವೆಂಬರ್ 29ರಂದು ಬಿನೊಟ್ಟೊ ಅವರ ರಾಜೀನಾಮೆಯನ್ನು ಅಂಗೀಕರಿಸಿದ್ದೇವೆ ಎಂಬ ಇನ್ನೊಂದು ಪ್ರಕಟಣೆ ಬಂತು! ನಮ್ಮ ಕಡೆಯಲ್ಲಿಯೂ ಹೀಗೆಯೇ. "ಹಾಗೇನೂ ಇಲ್ಲ" ಎಂದು ಮೇಲಿನವರು ಹೇಳಿದರೆಂದರೆ ಸಾಮಾನು ಕಟ್ಟಲು ಆರಂಭಿಸಬಹುದು ಎಂದು ಹಳೆಯ ಗುಮಾಸ್ತರು ಹೇಳುತ್ತಿದ್ದರು. ಬಿನೊಟ್ಟೊ ಅವರು ಆ ಕಂಪನಿಯಲ್ಲಿ 1995ರಿಂದ ದುಡಿದ ಎಂಜಿನಿಯರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಒಬ್ಬ ಮುಖ್ಯೋಪಾಧ್ಯಾಯರು ಎದ್ದರೆ ತಾಲ್ಲೂಕಿನಲ್ಲಿ ನಾಲ್ಕು ಕುರ್ಚಿಗಳು ಅಲ್ಲಾಡುತ್ತವೆ. ಅಲ್ಲಿಯೂ ಹಾಗೆಯೇ ಆಯಿತು. ಡಿಸೆಂಬರ್ 12ರಂದು ವಿಲಿಯಮ್ಸ್ ತಂಡದ ಯೋಸ್ಟ್ ಕಾಪಿಟೊ ಹೊರಟರು. ಮರುದಿನ ಒಂದೇ ದಿನದಲ್ಲಿ ಮೂರು ಸುದ್ದಿ: ಸೌಬರ್ ಸಂಸ್ಥೆಯಿಂದ ಫ್ರೆಡ್ರಿಕ್ ವಾಸ್ಸರ್ ಫೆರಾರಿಗೆ, ಮೆಕ್ಲಾರೆನ್ ತಂಡದಿಂದ ಆಂಡ್ರಿಯಾಸ್ ಸೈಡ್ಲ್ ಸೌಬರ್‌ಗೆ, ಮೆಕ್ಲಾರೆನ್‌ನಲ್ಲಿ ತೆರವಾದ ಸ್ಥಾನಕ್ಕೆ ಅಲ್ಲಿಯೇ ಏಳೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದ ಆಂಡ್ರಿಯಾ ಸ್ಟೆಲ್ಲಾ. ಜನವರಿಯಲ್ಲಿ ಮರ್ಸಿಡಿಸ್‌ನ ಜೇಮ್ಸ್ ವೌಲ್ಸ್ ವಿಲಿಯಮ್ಸ್‌ಗೆ. ಮೊಮ್ಮಗ ಇವನ್ನೆಲ್ಲ ಹಾಳೆಯಲ್ಲಿ ಬಾಣಗಳನ್ನು ಎಳೆದು ನನಗೆ ವಿವರಿಸಿ, "ಇನ್ನು ನೋಡಿ ಅಜ್ಜ, ಹೊಸ ಪ್ರಿನ್ಸಿಪಾಲ್ ಬಂದ್ರಲ್ಲ, ಮುಂದಿನ ವರ್ಷ ಫೆರಾರಿಯದೇ" ಎಂದು ಘೋಷಿಸಿದ.

"ಮುಂದಿನ ವರ್ಷದ ಕಾರನ್ನು ಯಾವಾಗ ಕಟ್ಟುತ್ತಾರೆ?" ಎಂದು ನಾನು ಕೇಳಿದೆ. ಪಾಠ ಮಾಡುವವನ ಹಳೆಯ ಚಾಳಿ. ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಕೂಡಿ ಹುಡುಕಿ ಓದಿದೆವು.

ಒಂದು ವರ್ಷದ ಓಟ ಅರ್ಧಕ್ಕೆ ಬರುವ ಮೊದಲೇ ಮರುವರ್ಷದ ಕಾರಿನ ರೂಪುರೇಷೆ ಆರಂಭವಾಗಿರುತ್ತದೆ. ಗಾಳಿ ಸುರಂಗದಲ್ಲಿ ಚಿಕ್ಕ ಮಾದರಿಯನ್ನಿಟ್ಟು ತಿಂಗಳುಗಟ್ಟಲೆ ಪರೀಕ್ಷಿಸುತ್ತಾರೆ. ವರ್ಷಾಂತ್ಯದ ಹೊತ್ತಿಗೆ ಕಾರಿನ ಮೈಕಟ್ಟು ತಯಾರಾಗುತ್ತಿರುತ್ತದೆ. ವಾಸ್ಸರ್ ಅವರು ಮರನೆಲ್ಲೊದ ಕಚೇರಿಯಲ್ಲಿ ಅಧಿಕಾರ ವಹಿಸಿಕೊಂಡದ್ದು 2023ರ ಜನವರಿ 9ರಂದು. ಆ ವರ್ಷದ ಫೆರಾರಿ ಕಾರು ಜನರ ಮುಂದೆ ಅನಾವರಣಗೊಂಡದ್ದು ಫೆಬ್ರುವರಿ 14ರಂದು. ಐದು ವಾರದ ಅಂತರ. ಅಂದರೆ ಹೊಸ ಪ್ರಿನ್ಸಿಪಾಲರು ಹೊಣೆ ಹೊತ್ತದ್ದು ಹಳೆಯ ಪ್ರಿನ್ಸಿಪಾಲರ ಕಾಲದಲ್ಲಿ ಕಟ್ಟಿದ ಕಾರಿಗೆ. ಆ ವರ್ಷ ಫೆರಾರಿ ಗೆದ್ದದ್ದು ಒಂದೇ ಓಟ, ಸಿಂಗಾಪುರದ್ದು. "ಹೊಸಬ ಬಂದು ಏನು ಕಡಿದು ಗುಡ್ಡೆ ಹಾಕಿದ?" ಎಂದು ಜನ ಆಡಿಕೊಂಡರೆ ಅದಕ್ಕೆ ಉತ್ತರ ಈ ಎರಡು ದಿನಾಂಕಗಳಲ್ಲಿದೆ.

ಎಂಜಿನಿಯರುಗಳ ವಿಚಾರದಲ್ಲಿ ಈ ಅಂತರ ಇನ್ನೂ ದೊಡ್ಡದು. ಒಂದು ತಂಡವನ್ನು ಬಿಟ್ಟ ಹಿರಿಯ ಎಂಜಿನಿಯರು ಕೂಡಲೇ ಇನ್ನೊಂದನ್ನು ಸೇರುವಂತಿಲ್ಲ. ಹಲವು ತಿಂಗಳು ಸಂಬಳ ಪಡೆಯುತ್ತ ಮನೆಯಲ್ಲಿರಬೇಕು. ಇದಕ್ಕೆ ಇಂಗ್ಲೆಂಡಿನಲ್ಲಿ 'ಗಾರ್ಡನಿಂಗ್ ಲೀವ್' ಎನ್ನುತ್ತಾರೆ, ಮನೆಯ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕಿಕೊಂಡಿರು ಎಂದರ್ಥ! ತಲೆಯೊಳಗಿನ ಗುಟ್ಟುಗಳು ಹಳತಾಗುವವರೆಗೆ ಕಾಯಿಸುವ ಉಪಾಯ. ಖ್ಯಾತ ವಿನ್ಯಾಸಕಾರ ಏಡ್ರಿಯನ್ ನ್ಯೂವಿ ಅವರು ರೆಡ್ ಬುಲ್ ತಂಡವನ್ನು ಬಿಡುವ ಸುದ್ದಿ 2024ರ ಮೇ ತಿಂಗಳಲ್ಲಿ ಬಂತು. ಅವರು ಆಸ್ಟನ್ ಮಾರ್ಟಿನ್ ಸೇರಿದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿ ಅವರು ಆರಂಭದಿಂದ ಕೈಯಾಡಿಸಲು ಸಾಧ್ಯವಾದದ್ದು 2026ರ ಕಾರಿನಲ್ಲಿ. ಗಾಳಿಸುದ್ದಿಗೆ ಒಂದು ದಿನದ ಆಯುಸ್ಸು; ಕೆಲಸಕ್ಕೆ ಎರಡು ವರ್ಷದ್ದು. ಇವೆರಡನ್ನೂ ಒಂದೇ ಪಂಚಾಂಗದಲ್ಲಿ ಓದಿದಾಗ ತಪ್ಪು ಲೆಕ್ಕ ಬರುತ್ತದೆ.

ಈ ತಪ್ಪು ಲೆಕ್ಕದ ಉದಾಹರಣೆಗಳಲ್ಲಿ ನನ್ನನ್ನು ಬಹಳವಾಗಿ ಕಾಡಿದ್ದು ಇಬ್ಬರ ಕಥೆ.

ಮೊದಲನೆಯವರು ರಾಸ್ ಬ್ರಾನ್. 2007ರ ನವೆಂಬರ್‌ನಲ್ಲಿ, ಓಟವಿಲ್ಲದ ಕಾಲದಲ್ಲಿಯೇ, ಹೋಂಡಾ ತಂಡದ ಪ್ರಿನ್ಸಿಪಾಲರಾಗಿ ನೇಮಕಗೊಂಡರು. 2009ರಿಂದ ಕಾರಿನ ನಿಯಮಗಳು ಪೂರ್ತಿ ಬದಲಾಗಲಿದ್ದವು. ಆದ್ದರಿಂದ 2008ರ ಕಾರನ್ನು ಬಹುಬೇಗ ಕೈಬಿಟ್ಟು, ಇದ್ದ ಶಕ್ತಿಯನ್ನೆಲ್ಲ ಮರುವರ್ಷದ ಕಾರಿಗೆ ಎರೆದರು. ಆ ವರ್ಷ ಹೋಂಡಾ ಗಳಿಸಿದ್ದು 14 ಅಂಕ, ಒಂಬತ್ತನೆಯ ಸ್ಥಾನ. ಇಷ್ಟು ದೊಡ್ಡ ಹೆಸರಿನವರು ಬಂದು ಏನು ಸುಖವಾಯಿತು ಎಂದು ಕೇಳುವವರಿಗೆ ಅಂಕಪಟ್ಟಿಯೇ ಸಾಕಾಗಿತ್ತು. ಅಷ್ಟರಲ್ಲಿ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂತು. 2008ರ ಡಿಸೆಂಬರ್ 5ರಂದು ಹೋಂಡಾ ಕಂಪನಿ ಓಟದಿಂದಲೇ ಹಿಂದೆ ಸರಿಯಿತು. ಮೂರು ತಿಂಗಳು ತಂಡವನ್ನು ಕೊಳ್ಳುವವರಾರು ಎಂಬ ಊಹಾಪೋಹ. ಕೊನೆಗೆ 2009ರ ಮಾರ್ಚ್‌ನಲ್ಲಿ ಬ್ರಾನ್ ಮತ್ತು ಸಂಗಡಿಗರು ನಾಮಮಾತ್ರಕ್ಕೆ ಒಂದು ಪೌಂಡ್ ಕೊಟ್ಟು ಅದನ್ನು ವಹಿಸಿಕೊಂಡರು. ಅದೇ ತಿಂಗಳ 29ರಂದು ಮೆಲ್ಬರ್ನ್‌ನಲ್ಲಿ ಬ್ರಾನ್ ತಂಡದ ಎರಡು ಕಾರುಗಳು ಮೊದಲ ಎರಡು ಸ್ಥಾನಗಳನ್ನು ಪಡೆದವು. ಆ ವರ್ಷದ 17 ಓಟಗಳಲ್ಲಿ ಎಂಟನ್ನು ಗೆದ್ದು, ಚಾಲಕರ ಮತ್ತು ತಂಡಗಳ ಪ್ರಶಸ್ತಿಗಳೆರಡನ್ನೂ ಆ ತಂಡ ಪಡೆಯಿತು.

ಈ ಕಥೆಯನ್ನು ಪವಾಡವೆಂದು ಹೇಳುವುದು ವಾಡಿಕೆ. ಆದರೆ ನನಗೆ ನೆನಪಾಗುವುದು ಬ್ರಾಕ್ಲಿ ಎಂಬ ಆ ಇಂಗ್ಲಿಷ್ ಊರಿನ ಕಾರ್ಖಾನೆಯ ನೂರಾರು ಕೆಲಸಗಾರರು. ತಂಡವನ್ನು ಉಳಿಸಿಕೊಳ್ಳಲು ಆ ಚಳಿಗಾಲದ ಕೊನೆಯಲ್ಲಿ ಅವರನ್ನು ಮನೆಗೆ ಕಳುಹಿಸಬೇಕಾಯಿತು. ಗೆದ್ದ ಕಾರಿನ ಭಾಗಗಳನ್ನು ಕಡೆದು, ಜೋಡಿಸಿ, ತೂಗಿ ನೋಡಿದ ಕೈಗಳಲ್ಲಿ ಅವರವೂ ಸೇರಿದ್ದವು. ಗೆಲುವಿನ ದಿನ ಅವರು ತಮ್ಮ ಮನೆಯ ಟಿವಿಯ ಮುಂದೆ ಕುಳಿತಿರಬೇಕು. ಬ್ರಾನ್ ಅವರಿಗೂ ಮುಂದೆ ಇದೇ ಅನುಭವವಾಯಿತು. 2009ರ ಕೊನೆಯಲ್ಲಿ ತಂಡವನ್ನು ಮರ್ಸಿಡಿಸ್ ಕೊಂಡಿತು. ನಾಲ್ಕು ವರ್ಷ ಅದನ್ನು ಕಟ್ಟಿ, 2013ರ ಕೊನೆಯಲ್ಲಿ ಬ್ರಾನ್ ಹೊರಟುಹೋದರು. ಮರುವರ್ಷದಿಂದ, ಅಂದರೆ 2014ರಿಂದ 2021ರವರೆಗೆ, ಸತತ ಎಂಟು ವರ್ಷ ತಂಡಗಳ ಪ್ರಶಸ್ತಿ ಮರ್ಸಿಡಿಸ್‌ನದೇ. ಮುಂದಿನವರ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಎಂಟು ವರ್ಷ ಗೆಲ್ಲುವುದು ಸುಲಭವಲ್ಲ. ಆದರೆ ಮೊದಲ ಕಾರಿನ ಮತ್ತು ಅದರ ಹೊಸ ಎಂಜಿನ್ನಿನ ಕೆಲಸ ಬ್ರಾನ್ ಅಲ್ಲಿದ್ದಾಗಲೇ ನಡೆದಿತ್ತು.

ಎರಡನೆಯವರು ಮೇಲೆ ಹೇಳಿದ ಆಂಡ್ರಿಯಾಸ್ ಸೈಡ್ಲ್. 2019ರ ಮೇ ತಿಂಗಳಲ್ಲಿ ಅವರು ಮೆಕ್ಲಾರೆನ್ ತಂಡಕ್ಕೆ ಬಂದಾಗ, ಆ ತಂಡಕ್ಕೆ ಬಳಕೆಗೆ ತಕ್ಕ ಸ್ವಂತ ಗಾಳಿ ಸುರಂಗವೇ ಇರಲಿಲ್ಲ. 2010ರಿಂದ ಜರ್ಮನಿಯ ಕಲೋನ್‌ನಲ್ಲಿರುವ ಟೊಯೊಟಾ ಸುರಂಗವನ್ನು ಬಾಡಿಗೆಗೆ ಪಡೆಯುತ್ತಿದ್ದರು. ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಮಾಡಿದ ಭಾಗಗಳನ್ನು ಪರೀಕ್ಷೆಗೆಂದು ಅಲ್ಲಿಗೆ ಸಾಗಿಸಬೇಕು. ಅದರಲ್ಲಿಯೇ ದಿನಗಳು ಕಳೆಯುತ್ತಿದ್ದವು. ಹೊಸ ಸುರಂಗ ಬೇಕೆಂದು ಸೈಡ್ಲ್ ಒತ್ತಾಯಿಸಿದರು. ಅದೇ ವರ್ಷ ಒಪ್ಪಿಗೆ ದೊರೆಯಿತು. 2021ರಿಂದ ಮರ್ಸಿಡಿಸ್ ಎಂಜಿನ್ ಬಳಸುವ ನಿರ್ಧಾರವೂ 2019ರದೇ. ಕೋವಿಡ್ಡಿನಿಂದ ಕಾಮಗಾರಿ ತಡವಾಗಿ, ಸುರಂಗ ಬಳಕೆಗೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಸೈಡ್ಲ್ ಅಲ್ಲಿಂದ ಹೊರಟು ಎಂಟು ತಿಂಗಳಾಗಿತ್ತು.

ಸ್ಟೆಲ್ಲಾ ಅವರು ಮಾತು ಕಡಿಮೆ, ಕೆಲಸ ಹೆಚ್ಚು ಎಂಬಂಥವರು. 2023ರ ಕಾರು ನಮ್ಮ ಗುರಿಯನ್ನು ಮುಟ್ಟಿಲ್ಲವೆಂದು ಓಟ ಆರಂಭವಾಗುವ ಮೊದಲೇ ಒಪ್ಪಿಕೊಂಡರು. ತಾಂತ್ರಿಕ ವಿಭಾಗವನ್ನು ಪುನರ್ರಚಿಸಿದರು. 2024ರ ಡಿಸೆಂಬರ್ 8ರಂದು ಅಬುಧಾಬಿಯಲ್ಲಿ ಮೆಕ್ಲಾರೆನ್ 666 ಅಂಕಗಳೊಂದಿಗೆ, 652 ಅಂಕ ಗಳಿಸಿದ ಫೆರಾರಿಯನ್ನು ಹಿಂದಿಕ್ಕಿ, ತಂಡಗಳ ಪ್ರಶಸ್ತಿಯನ್ನು ಗೆದ್ದಿತು. 1998ರ ನಂತರ ಅದೇ ಮೊದಲು. 2025ರಲ್ಲಿ ಪುನಃ ಗೆದ್ದಿತು. ಆ ಗೌರವ ಸ್ಟೆಲ್ಲಾ ಅವರಿಗೆ ಸಲ್ಲಬೇಕಾದದ್ದೇ.

ಆದರೆ ಆ ಡಿಸೆಂಬರ್ ರಾತ್ರಿ ಪಟಾಕಿ ಸಿಡಿಯುವಾಗ ನಾನು ಮೊಮ್ಮಗನನ್ನು ಕೇಳಿದೆ: "ಗಾಳಿ ಸುರಂಗ ಕಟ್ಟಿಸಿದವರು ಎಲ್ಲಿದ್ದಾರಪ್ಪ ಈಗ?" ಅವನು ಹುಡುಕಿ ಹೇಳಿದ. ಸೌಬರ್ ತಂಡವನ್ನು ಕೊಂಡ ಆಡಿ ಕಂಪನಿ ಸೈಡ್ಲ್ ಅವರನ್ನು 2024ರ ಜುಲೈನಲ್ಲಿ ಹುದ್ದೆಯಿಂದ ಬಿಡಿಸಿತ್ತು. ಆ ಸ್ಥಾನಕ್ಕೆ ಬಂದವರು ಯಾರು ಬಲ್ಲಿರಾ? ಫೆರಾರಿ ಬಿಟ್ಟ ಅದೇ ಬಿನೊಟ್ಟೊ! ಒಬ್ಬರ ಕುರ್ಚಿ ತೆರವಾದದ್ದರಿಂದ ಆರಂಭವಾದ ಸರಪಳಿ ಸುತ್ತಿ ಬಂದು ಇನ್ನೊಬ್ಬರ ಕುರ್ಚಿಯನ್ನು ತೆಗೆದುಕೊಂಡಿತ್ತು. ಮೊಮ್ಮಗನಿಗೆ ಇದು ತಮಾಷೆಯಾಗಿ ಕಂಡಿತು. ನನಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅದರ ಕಾರಣವನ್ನು ಹೇಳುವ ಮುನ್ನ ಇನ್ನೊಂದೇ ಸಂಗತಿ.

2007ರಲ್ಲಿ ಫೆರಾರಿಯ ರಹಸ್ಯ ತಾಂತ್ರಿಕ ಕಾಗದಗಳು, ಒಟ್ಟು 780 ಪುಟಗಳು, ಮೆಕ್ಲಾರೆನ್ನಿನ ಒಬ್ಬ ಹಿರಿಯ ಎಂಜಿನಿಯರರ ಕೈಸೇರಿದ್ದವು. ಅವುಗಳನ್ನು ಪ್ರತಿ ಮಾಡಿಸಲು ಇಂಗ್ಲೆಂಡಿನ ಒಂದು ಸಾಮಾನ್ಯ ಜೆರಾಕ್ಸ್ ಅಂಗಡಿಗೆ ಒಯ್ದರು. ಅಂಗಡಿಯ ನೌಕರನೊಬ್ಬ ಕಾಗದದ ಮೇಲೆ ಫೆರಾರಿಯ ಗುರುತು ಕಂಡು ಅನುಮಾನಗೊಂಡ. ಅವನು ಅದನ್ನು ಊರಿಗೆಲ್ಲ ಸಾರಲಿಲ್ಲ. ನೇರವಾಗಿ ಫೆರಾರಿಗೇ ತಿಳಿಸಿದ. ವಿಚಾರಣೆಯ ಕೊನೆಗೆ ಮೆಕ್ಲಾರೆನ್ ತಂಡಕ್ಕೆ ಹತ್ತು ಕೋಟಿ ಡಾಲರ್ ದಂಡ ಬಿತ್ತು. ನೂರು ಜನ ನೂರು ಮಾತನಾಡುವ ಜಗತ್ತಿನಲ್ಲಿ, ಕಂಡದ್ದನ್ನು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳಿದ ಆ ನೌಕರ ನನಗೆ ದೊಡ್ಡವನಾಗಿ ಕಾಣುತ್ತಾನೆ. ನಾನು ಹಾಗೆ ಮಾಡಲಿಲ್ಲ.

1983ರಲ್ಲಿ ನಮ್ಮ ಶಾಲೆಗೆ ಒಬ್ಬರು ಮುಖ್ಯೋಪಾಧ್ಯಾಯರು ಬಂದರು. ಹೆಸರು ಬೇಡ, ಅವರೀಗ ಇಲ್ಲ. ಮಾತು ಬಹಳ ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ಮಕ್ಕಳು ಗಣಿತದಲ್ಲಿ ಸೋಲುವುದಕ್ಕೆ ಹತ್ತನೆಯ ತರಗತಿಯಲ್ಲಿ ಮದ್ದಿಲ್ಲ, ಎಂಟನೆಯದರಲ್ಲಿ ಇದೆ ಎನ್ನುವುದು ಅವರ ನಂಬಿಕೆ. 1984ರ ಜೂನ್‌ನಿಂದ ಎಂಟನೆಯ ತರಗತಿಗೆ ಮಾತ್ರ ಸಂಜೆಯ ಪಾಠ ಆರಂಭಿಸಿದರು. ಊರಿನಲ್ಲಿ ಕರೆಂಟು ಇದ್ದರೂ ಇಲ್ಲದಂತೆಯೇ. ಎರಡು ಪೆಟ್ರೋಮ್ಯಾಕ್ಸ್ ದೀಪಗಳು, ಸೀಮೆಎಣ್ಣೆಗೆಂದು ಪ್ರತಿ ವಿದ್ಯಾರ್ಥಿಯಿಂದ ತಿಂಗಳಿಗೆ ಒಂದು ರೂಪಾಯಿ. ಹತ್ತನೆಯವರನ್ನು ಬಿಟ್ಟು ಎಂಟನೆಯವರನ್ನು ಹಿಡಿದುಕೊಂಡಿದ್ದಾರಲ್ಲ ಎಂದು ನಾವು ನಕ್ಕೆವು. 1985ರ ಫಲಿತಾಂಶ ಕೆಟ್ಟದಾಗಿ ಬಂತು. ಅದೇ ಬೇಸಿಗೆಯ ರಜೆಯಲ್ಲಿ, ಆ ಸೀಮೆಎಣ್ಣೆ ಮುಖ್ಯೋಪಾಧ್ಯಾಯರ ಮನೆಯ ಒಲೆಗೆ ಹೋಗುತ್ತಿದೆಯಂತೆ ಎಂಬ ಮಾತು ಹುಟ್ಟಿತು. ಹುಟ್ಟಿಸಿದವನು ನಾನಲ್ಲ. ಆದರೆ ಇಲಾಖೆಯ ಅಧಿಕಾರಿಗಳು ಬಂದಾಗ, ಉಪಾಧ್ಯಾಯರ ಕೊಠಡಿಯಲ್ಲಿ ಚಹಾ ಕುಡಿಯುತ್ತ, "ಹಾಗೆಂದು ಜನ ಆಡಿಕೊಳ್ಳುತ್ತಾರೆ" ಎಂದು ಅವರ ಕಿವಿಗೆ ಹಾಕಿದವನು ನಾನು. ಅವರ ಮನೆ ನನ್ನ ಮನೆಯಿಂದ ನೂರು ಹೆಜ್ಜೆ. ನಿಜವೇ ಎಂದು ಅವರನ್ನು ಒಮ್ಮೆಯೂ ಕೇಳಲಿಲ್ಲ. ಜೂನ್‌ನಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ವರ್ಗಾವಣೆಗೆ ನನ್ನ ಮಾತೇ ಕಾರಣವೋ, ಫಲಿತಾಂಶ ಕಾರಣವೋ, ಇಂದಿಗೂ ತಿಳಿಯದು. ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಡುವಾಗ, "ಸಂಜೆಯ ಪಾಠ ನಿಲ್ಲಿಸಬೇಡಿ" ಎಂದು ನನಗೇ ಹೇಳಿದರು.

ನಿಲ್ಲಿಸಲಿಲ್ಲ. ಹೊಸದಾಗಿ ಬಂದವರೂ ಒಳ್ಳೆಯವರೇ, ಅದನ್ನು ಮುಂದುವರಿಸಿದರು. ಆ ಎಂಟನೆಯ ತರಗತಿಯ ಮಕ್ಕಳು 1987ರಲ್ಲಿ ಪರೀಕ್ಷೆ ಬರೆದಾಗ, ನಮ್ಮ ಶಾಲೆ ಹಿಂದೆಂದೂ ಕಾಣದ ಫಲಿತಾಂಶ ಬಂತು. ಸನ್ಮಾನ ಸಮಾರಂಭ ನಡೆಯಿತು. ಹೊಸ ಮುಖ್ಯೋಪಾಧ್ಯಾಯರಿಗೆ ಹಾರ, ಶಾಲು. ಅಭಿನಂದನೆಯ ಭಾಷಣ ಮಾಡಿದವನು ನಾನು. ಅರ್ಧ ಗಂಟೆ ಮಾತನಾಡಿದೆ. ಹಳೆಯವರ ಹೆಸರನ್ನು ಎತ್ತಲಿಲ್ಲ. ಎತ್ತಿದ್ದರೆ ನನ್ನ ಮಾತೂ ನೆನಪಾದೀತೆಂಬ ಅಳುಕು. ಮಾಡಿದವರ ಪಾಪ ಆಡಿದವರ ಬಾಯಿಯಲ್ಲಿ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ!

ಅಬುಧಾಬಿಯ ಆ ರಾತ್ರಿ ನನ್ನ ನಿದ್ದೆಗೆಡಿಸಿದ್ದು ಇದು. ಓಟದ ಲೋಕದ ಗಾಳಿಸುದ್ದಿಗಳು ನನಗೆ ಮನರಂಜನೆ ಕೊಟ್ಟಿವೆ, ಅಲ್ಲಗಳೆಯುವುದಿಲ್ಲ. ಈಗಲೂ ಚಳಿಗಾಲ ಬಂದರೆ ಮೊಮ್ಮಗನಿಗಿಂತ ಮೊದಲು ನಾನೇ ವಿಚಾರಿಸುತ್ತೇನೆ. ಆದರೆ ಯಾರನ್ನಾದರೂ ತೆಗೆದರು, ಯಾರೋ ಗೆದ್ದರು ಎಂದು ಅವನು ಹೇಳಿದಾಗ, ಆ ಕಾರಿನ ಕೆಲಸ ಎಂದು ಆರಂಭವಾಯಿತು, ಅಂದು ಕುರ್ಚಿಯಲ್ಲಿದ್ದವರು ಯಾರು ಎಂದು ಹಿಂದಕ್ಕೆ ಎಣಿಸಿ ನೋಡುವ ಅಭ್ಯಾಸವನ್ನು ಇಬ್ಬರೂ ಮಾಡಿಕೊಂಡಿದ್ದೇವೆ.

1987ರ ತಂಡದವರಲ್ಲಿ ಹಲವರು ಇದನ್ನು ಓದುತ್ತೀರೆಂದು ಬಲ್ಲೆ. ನಿಮ್ಮ ಮನೆಯ ಗೋಡೆಯ ಮೇಲಿರುವ ಆ ವರ್ಷದ ಗುಂಪು ಚಿತ್ರದಲ್ಲಿ ನಡುವಿನ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯರಿದ್ದಾರೆ, ಪಕ್ಕದಲ್ಲಿ ನಾನಿದ್ದೇನೆ. ಪೆಟ್ರೋಮ್ಯಾಕ್ಸ್ ದೀಪಕ್ಕೆ ಗಾಳಿ ಹೊಡೆದು, ನಿಮಗೆ ಬೀಜಗಣಿತದ ಮೊದಲ ಸಮೀಕರಣವನ್ನು ಹೇಳಿಕೊಟ್ಟವರು ಅದರಲ್ಲಿಲ್ಲ. ಅಂದು ಸಭೆಯಲ್ಲಿ ಹೇಳಬೇಕಾಗಿದ್ದುದನ್ನು ಇಂದು ಹೇಳಿದ್ದೇನೆ. ಮುಂದಿನ ಸಲ ನೀವೆಲ್ಲ ಸೇರಿದಾಗ ಅವರ ಹೆಸರನ್ನೂ ಒಮ್ಮೆ ಸ್ಮರಿಸಿ.